ನಾನು ತೊಳೆದ ಏಳು ಗಾಜು

ಮೊನ್ನೆ ಬೆಳಿಗ್ಗೆ ಸಾಬುದಾನಿ ಸಂಡಿಗೆಗೆಂದು ಗಂಜಿ ಕಾಯಿಸುತ್ತಿದ್ದೆ. ಬಿಸಿಲು ಏರುವ ಮೊದಲು ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಬಿಟ್ಟು ಇಳಿಯಬೇಕು ಎಂಬ ಅವಸರ. ಗಂಜಿ ಹದಕ್ಕೆ ಬಂದಾಗ ಅದರಿಂದ ಒಂದು ವಾಸನೆ ಏಳುತ್ತದೆ, ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿದಾಗ ಬರುತ್ತದಲ್ಲ, ಅಂಥದ್ದು. ಅದು ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಬಿಟ್ಟಿತು. ಬೈಲಹೊಂಗಲದ ಇದೇ ಮನೆಯಲ್ಲಿ, ಇದೇ ಒಲೆಯ ಮೇಲೆ, ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ ಇಂಥದೇ ಗಂಜಿ ಕಾಯಿಸಿದ್ದೆ. ಅದು ಸಂಡಿಗೆಗಲ್ಲ, ಫೋಟೋಕ್ಕೆ.

ಪೂಜೆಗೆ ಕುಳಿತಾಗ ಆ ದಿನ ಶಿವ ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನು ಬೆರಳ ಮೇಲೆ ಎಣಿಸುವುದು ನನ್ನ ರೂಢಿ. ನಳದಲ್ಲಿ ನೀರು ಬಂತು. ಹಾಲು ಒಡೆಯಲಿಲ್ಲ. ಮೊಣಕಾಲು ಸುಮ್ಮನಿತ್ತು. ಆ ಶ್ರಾವಣ ನೆನಪಾದರೆ ಮಾತ್ರ ಬೆರಳು ಮಡಚುವುದಿಲ್ಲ. ಅದನ್ನು ಬರೆದಾದರೂ ನೋಡೋಣ ಎಂದು ಕುಳಿತಿದ್ದೇನೆ. ಮೊದಲು ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ.

ಆ ವರ್ಷ ಆಷಾಢದಲ್ಲಿ ದೇವರ ಖೋಲಿಯ ನೆಲಕ್ಕೆ ಹೊಸ ಫರಸಿ ಹಾಕಿಸಿದೆವು. ಗೋಡೆಯ ಮೇಲಿನ ದೇವರ ಫೋಟೋಗಳನ್ನು ಇಳಿಸಿ ನೋಡಿದರೆ, ಎಣ್ಣೆಯ ಹೊಗೆಗೆ ಗಾಜುಗಳೆಲ್ಲ ಮಬ್ಬಾಗಿದ್ದವು, ಎರಡಂತೂ ಸೀಳಿದ್ದವು. ಶ್ರಾವಣ ಬಾಗಿಲಿಗೆ ಬಂದಿತ್ತು. ಅಂಥ ಗಾಜಿನ ಹಿಂದೆ ದೇವರನ್ನು ಕೂರಿಸುವುದು ಹೇಗೆ? ಆಗ ಅಟ್ಟದ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಸಿಕ್ಕಿತು. ಒಳಗೆ ಹಲ್ಲು ಹಲ್ಲು ಖಾನೆ, ಒಂದೊಂದು ಖಾನೆಗೆ ಒಂದು ಗಾಜು, ಒಟ್ಟು ಮೂವತ್ತು. ಶಾಲೆಯ ಪಾಟಿಯಷ್ಟು ಅಗಲ. ಒಂದು ಮಗ್ಗಲು ನುಣುಪು, ಇನ್ನೊಂದು ಮಗ್ಗಲಿಗೆ ಮಸಿಯಂಥ ಪರೆ. ನಮ್ಮ ಮನೆಯವರ ಮುತ್ಯಾ, ಎಂದರೆ ಅವರ ತಂದೆಯ ತಂದೆ, ಬಹಳ ಹಿಂದೆ ಚಕ್ಕಡಿಯಲ್ಲಿ ಕ್ಯಾಮರಾ ಹೇರಿಕೊಂಡು ಊರೂರು ತಿರುಗಿ ಫೋಟೋ ತೆಗೆಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೆ ಫೋಟೋ ಎಂದರೆ ಕಾಗದ ಎಂದೇ ನಾನು ತಿಳಿದವಳು. ಗಾಜು ನೋಡಿ, ದೇವರೇ ಅಳತೆ ಹಿಡಿದು ಕಳಿಸಿದ್ದಾನೆ ಎಂದುಕೊಂಡೆ. ಆ ದಿನ ಅದನ್ನೂ ಬೆರಳಿನಲ್ಲಿ ಎಣಿಸಿದೆ!

ಬಚ್ಚಲಿನಲ್ಲಿ ಬಿಸಿನೀರಿಗೆ ಸೋಡಾ ಹಾಕಿ ಏಳು ಗಾಜು ನೆನೆಯಿಟ್ಟೆ. ತೆಂಗಿನ ನಾರಿನಿಂದ ತಿಕ್ಕಿದರೆ ಪರೆ ಹಾಲಿನ ಕೆನೆಯ ಹಾಗೆ ಮಡಿಕೆ ಮಡಿಕೆಯಾಗಿ ಜಾರಿ ಬಂತು. ಎರಡು ತಿಕ್ಕಿದೆ. ಮೂರನೆಯದು ಎಲ್ಲಾದರೂ ಸೀಳಿದೆಯೋ ಎಂದು ಹಿತ್ತಲ ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ.

ಒಳಗೆ ಒಂದು ಕೂಸು ಕುಳಿತಿತ್ತು. ಮುಖ ಇದ್ದಿಲಿನಷ್ಟು ಕಪ್ಪು, ಕೂದಲು ಬೆಳ್ಳಗೆ, ಕಣ್ಣು ಬೆಳ್ಳಗೆ. ದೆವ್ವದಂಥದ್ದು ದೇವರ ಖೋಲಿಗೆ ಬ್ಯಾಡ ಎಂದು ಶಿವ ಶಿವ ಅಂದು, ನನ್ನ ಮಾರಿ ಆ ಕಡೆ ತಿರುಗಿಸಿ, ಉಳಿದವಕ್ಕಿಂತ ಜೋರಾಗಿ ತಿಕ್ಕಿದೆ. ಮುಂದೆ ಎಲ್ಲರಿಗೂ "ನನಗ ಗೊತ್ತಿರಲಿಲ್ಲ" ಎಂದು ಹೇಳಿದೆ. ಅದು ಅರ್ಧ ಖರೆ. ಆ ಗಾಜಿನಲ್ಲಿ ಒಂದು ಜೀವ ಇದೆ ಎಂಬುದು ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೆಯೇ ತಿಕ್ಕಿದೆ.

ನಮ್ಮವರು ಆ ಏಳೂ ಗಾಜುಗಳನ್ನು ದೇವರ ಫೋಟೋಗಳ ಚೌಕಟ್ಟಿಗೆ ಕೂರಿಸಿ, ಹಿಂದೆ ಸಣ್ಣ ಮೊಳೆ ಬಡಿದು ಕೊಟ್ಟರು. ದೇವರ ಖೋಲಿ ಥಳಥಳ ಅಂದಿತು.

ಪಂಚಮಿಗೆ ಸುರೇಬಾನದಿಂದ ಗಂಗತ್ತಿ ಬಂದರು. ಗಂಗತ್ತಿ ಎಂದರೆ ನಮ್ಮ ಮಾವನವರ ಅಕ್ಕ. ಎಂಬತ್ತು ದಾಟಿದ ಜೀವ. ಈ ಮನೆ ಅವರ ತವರು. ಎಷ್ಟೇ ವಯಸ್ಸಾಗಲಿ, ಪಂಚಮಿ ಉಂಡಿ ತವರಿನಲ್ಲೇ ತಿನ್ನಬೇಕು ಎನ್ನುವವರು. ಬಾಗಿಲಲ್ಲಿ ಚಪ್ಪಲಿಗೆ ಮೆತ್ತಿದ್ದ ಎರಿ ಮಣ್ಣನ್ನು ಕೋಲಿನಿಂದ ಕೆರೆಯುತ್ತಲೇ ಶುರು ಮಾಡಿದರು.

"ಏ ಮಾದೇವಿ, ಜೋಕಾಲಿ ಕಟ್ಟೀರೇನ?"

"ಕಟ್ಟಸೇವ್ರಿ ಅತ್ತಿ. ನೀವು ಆಡತೀರೇನ?"

"ಯಾಕ, ಆಡಬಾರದೇನ? ಬಿದ್ರ ನಿಮ್ಮ ಮನ್ಯಾಗ ಬೀಳತೇನಿ, ಸುರೇಬಾನದವರಿಗೆ ತ್ರಾಸ ತಪ್ಪತೈತಿ."

ನಕ್ಕೆವು. ಉಂಡಿ ಮುರಿದು ಬಾಯಿಗಿಟ್ಟುಕೊಂಡ ಮೇಲೆ ಅವರ ದನಿ ಇಳಿಯಿತು. "ಒಂದ ಕೆಲಸ ಇಟಗೊಂಡ ಬಂದೇನಿ ತಂಗಿ. ಈ ಕಣ್ಣ ಒಂದು ಪೂರಾ ಹೋಗೇತಿ. ಇನ್ನೊಂದು ದೀಪಾವಳಿ ತನಕ ಉಳದ್ರ ಪುಣ್ಯ ಅಂತ ಡಾಕ್ಟರ್ ಹೇಳ್ಯಾನ. ಅದು ಹೋಗೂದ್ರಾಗ ನಮ್ಮವ್ವನ್ನ ಒಮ್ಮಿ ನೋಡಬೇಕು."

ನನಗೆ ತಿಳಿಯಲಿಲ್ಲ. ಅವರವ್ವ ತೀರಿಕೊಂಡಾಗ ಗಂಗತ್ತಿ ಒಂದೂವರೆ ವರ್ಷದ ಕೂಸು. ಆಮೇಲೆ ಮುತ್ಯಾ ಇನ್ನೊಂದು ಮದುವೆಯಾದರು. ನಮ್ಮ ಮಾವನವರು ಆ ಎರಡನೆಯ ತಾಯಿಯ ಮಗ.

"ಅವ್ವ ಎಂದೂ ಕ್ಯಾಮರಾದ ಮುಂದ ಕುಂಡ್ರಲಿಲ್ಲಂತ. ಫೋಟೋ ತಗಿಸಿಕೊಂಡ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ಲಂತ. ನನ್ನ ತನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಒಮ್ಮೆ ಮಾತ್ರ ಕುಂತಾಳ. ಅಪ್ಪ ಸಾಯೂ ಮುಂದ ನನ್ನ ಕೈ ಹಿಡದು ಹೇಳಿದ, ಪೆಟಿಗ್ಯಾಗ ನೀನೂ ನಿಮ್ಮವ್ವನೂ ಇದ್ದೀರಿ ಅಂತ. ಮಲತಾಯಿ ಇರೂತನಾ ಆ ಪೆಟಿಗಿ ಕೇಳಾಕ ನನಗ ಸಂಕೋಚ. ಆಮ್ಯಾಲ ಗಾಜಿನಿಂದ ಕಾಗದಕ್ಕ ಇಳಸಾವ್ರ ಉಳೀಲಿಲ್ಲ. ಈಗ ರಾಮದುರ್ಗದಾಗ ವೀರಪ್ಪ ಅಂತ ಒಬ್ಬ ಸಿಕ್ಕಾನ. ಗಾಜ ಇದ್ರ ನಾ ಮಾಡಿ ಕೊಡತೇನಿ ಅಂದಾನ. ಪೆಟಿಗಿ ಅಟ್ಟದ ಮ್ಯಾಲ ಐತಲ್ಲ?"

"ಐತ್ರಿ," ಎಂದೆ. ಕೈಯಲ್ಲಿದ್ದ ಉಂಡಿಯನ್ನು ಮತ್ತೆ ಡಬ್ಬಿಗೆ ಹಾಕಿದೆ.

ಆ ಸಂಜೆ ನಮ್ಮವರಿಗೆ ಎಲ್ಲಾ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಮೂವತ್ತರಾಗ ಏಳು ಹೋಗ್ಯಾವ. ಅತ್ತಿದು ಉಳದ ಇಪ್ಪತ್ತಮೂರರಾಗ ಇರಬಹುದು. ಈಗ ಯಾಕ ಬಾಯಿ ಬಿಡತೀ? ಸುಮ್ಮನಿರು." ಆ ಕೂಸನ್ನು ಕಂಡಿದ್ದು ಮಾತ್ರ ಅವರಿಗೂ ಹೇಳಿರಲಿಲ್ಲ. ಬೇರೆ ಯಾರದೋ ಕೂಸು ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಬಿಟ್ಟು ವೀರಪ್ಪ ಕಾಕಾ ಬಂದರು. ರಾಮದುರ್ಗದಲ್ಲಿ ಇವರ ತಂದೆ ಸ್ಟುಡಿಯೋ ಇಟ್ಟಿದ್ದರಂತೆ, ಆ ತಂದೆಗೆ ವಿದ್ಯೆ ಕಲಿಸಿದವರು ನಮ್ಮ ಮುತ್ಯಾ. "ಗುರುವಿನ ಮನಿ ಇದು, ಹೊಸ್ತಿಲಿಗೆ ನಮಸ್ಕಾರ ಮಾಡೇ ಬರತೇನಿ," ಎಂದು ನಿಜಕ್ಕೂ ಬಾಗಿ ಮುಟ್ಟಿ ಒಳಬಂದರು. ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತ್ತು. ಫೋಟೋದ ಕಾಗದವೂ ಈಗ ಸುಲಭಕ್ಕೆ ಸಿಗುವುದಿಲ್ಲವಂತೆ. "ಸಿಗಲಿಲ್ಲಂದ್ರ ಬಿಡ್ರಿ. ಮೊದಲನೇ ಮಂದಿಗೆ ಅಂಗಡಿ ಎಲ್ಲಿತ್ತು? ಅವರು ಅಡಿಗಿ ಮನ್ಯಾಗಿನ ಉಪ್ಪಿನ್ಯಾಗ ಮಾಡಿದ್ರು, ನಾವೂ ಮಾಡೂಣು," ಎಂದು ಚೀಲ ಬಿಚ್ಚಿದರು. ಒಂದು ಕಂದು ಬಾಟಲಿ, ಒಂದು ಅಗಲ ಕುಂಚ, ದಪ್ಪ ಕಾಗದ, ಬೆನ್ನಿಗೆ ಹಲಗೆ ಇರುವ ಒಂದು ಚೌಕಟ್ಟು.

"ಒಂದು ತತ್ತಿ ಬೇಕಾಗಿತ್ತವ್ವಾ," ಎಂದರು ಮೆಲ್ಲಗೆ.

ಗಂಗತ್ತಿ ಕಟ್ಟೆಯ ಮೇಲಿಂದಲೇ ಕೋಲು ಕುಟ್ಟಿದರು. "ಏನಂದಿ?"

"ತತ್ತಿ ಬಿಳೇದು ಹಚ್ಚಿದ್ರ ಕಾಗದಕ್ಕ ಹೊಳಪು ಬರತೈತ್ರಿ. ಹಿಂದಿನವರು ಹಂಗ ಮಾಡತಿದ್ರು. ನಾನೇನ ತಿನ್ನಾಕ ಕೇಳಲಿಲ್ಲ."

"ಕಾಗದಕ್ಕೂ ಬ್ಯಾಡ. ಅದರ ಮ್ಯಾಲ ನಮ್ಮವ್ವ ಕುಂಡ್ರಾಕಿ. ಲಿಂಗ ಕಟ್ಟಿದಾಕಿನ್ನ ತತ್ತಿ ಮ್ಯಾಲ ಕುಂಡ್ರಸ್ತೀ ಏನೋ ಭಾಡ್ಯಾ?"

ಕಾಕಾ ಕೈ ಮುಗಿದರು. "ಆತ್ರಿ ಯವ್ವಾ. ಗಂಜಿ ಆದ್ರೂ ನಡೀತೈತಿ. ಸಾಬುದಾನಿ ಐತೇನ್ರಿ?"

ಹಾಗೆ ಗಂಜಿ ಒಲೆಗೆ ಏರಿತು. ಅಂದಿನಿಂದ ನಾನೇ ಕಾಕಾನ ಕೈ ಕೆಳಗಿನ ಆಳಾದೆ. ತೆಳು ಗಂಜಿಗೆ ಉಪ್ಪು ಕದಡಿ ಕಾಗದಕ್ಕೆ ಬಳಿದು ಒಣಗಿಸುವುದು. ಆಮೇಲೆ ಕಾಳಿನ ಖೋಲಿಯ ಕಿಟಕಿಗೆ ಹೊದಿಯುವ ಕೌದಿ ಕಟ್ಟಿ, ಮಿಣುಕು ದೀಪದ ಬೆಳಕಿನಲ್ಲಿ ಆ ಕಾಗದದ ಮೇಲೆ ಕಂದು ಬಾಟಲಿಯ ಬೆಳ್ಳಿ ನೀರನ್ನು ಕುಂಚದಿಂದ ಎಳೆಯುವುದು. ಉಪ್ಪೂ ಬೆಳ್ಳಿಯೂ ಕೂಡಿದವೆಂದರೆ ಕಾಗದಕ್ಕೆ ಕಣ್ಣು ಬಂದಂತೆ, ಬೆಳಕು ಬಿದ್ದಲ್ಲಿ ಕಪ್ಪಾಗುತ್ತದೆ. ಒಣಗಿದ ಕಾಗದಕ್ಕೆ ಗಾಜನ್ನು ಎದೆಗೆ ಎದೆ ಒತ್ತಿ ಚೌಕಟ್ಟಿನಲ್ಲಿ ಹಾಕಿ ಮಾಳಿಗೆಯ ಬಿಸಿಲಿಗಿಡುವುದು. ಬೆಳ್ಳಿ ನೀರು ತಾಗಿ ನನ್ನ ಉಂಗುರ ಬೆರಳು ಕಪ್ಪಾಯಿತು, ಹುಣಸೆ ಹಣ್ಣು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ನಳದ ನೀರಿನಲ್ಲಿ ತೊಳೆದರೆ ಕಾಗದದ ಮೇಲೆ ಹಾಲಿನಂಥ ಕಲೆ ಏಳುತ್ತಿತ್ತು. ನಮ್ಮ ಕಡೆಯ ನೀರು ಸವಳು. ಆದರೆ ಶ್ರಾವಣದ ಜಡಿ ಮಳೆ, ತಗಡಿನ ಅಂಚಿಗೆ ಬಕೀಟು ಇಟ್ಟರೆ ಸಿಹಿ ನೀರು ತುಂಬುತ್ತಿತ್ತು. ನೀರಿಗೆ ಮಳೆ ಬೇಕು, ಅಚ್ಚಿಗೆ ಬಿಸಿಲು ಬೇಕು. ಆ ತಿಂಗಳು ಎರಡನ್ನೂ ಕೊಟ್ಟಿತು, ತನಗೆ ಬೇಕಾದಾಗ ಮಾತ್ರ.

ಮೋಡ ಸರಿಯಲಿ ಎಂದು ಕಾಯುವಾಗ ಕಾಕಾ ಹಳೆಯದನ್ನು ಹೇಳುತ್ತಿದ್ದರು. ಮೊಟ್ಟಮೊದಲು ವಿಲಾಯಿತಿ ಕಡೆಯ ಒಬ್ಬ ಮನುಷ್ಯ ತನ್ನ ಕಿಟಕಿಯ ಹೊರಗಿನ ನೋಟವನ್ನು ಡಾಂಬರಿನಂಥದ್ದು ಹಚ್ಚಿದ ತಗಡಿನ ಮೇಲೆ ಹಿಡಿದನಂತೆ. ಅದಕ್ಕೆ ತಾಸುಗಟ್ಟಲೆ ಬಿಸಿಲು ಹಿಡಿಯಿತಂತೆ. ಅದಕ್ಕೂ ಮೊದಲು ಬೆಳ್ಳಿ ನೀರಿನ ಕಾಗದದ ಮೇಲೆ ಎಲೆಯಿಟ್ಟು ನೆರಳು ಹಿಡಿದವರಿದ್ದರಂತೆ. ಹಿಡಿಯಲು ಬಂತು, ನಿಲ್ಲಿಸಲು ಬರಲಿಲ್ಲ.

"ಅಂದ್ರ?" ಎಂದೆ.

"ನೋಡಬೇಕಂದ್ರ ಬೆಳಕು ಬೇಕಲ್ಲವಾ? ಬೆಳಕಿಗೆ ತಂದ್ರ ಉಳದ ಕಾಗದಾನೂ ಕಪ್ಪಾಗತಿತ್ತು. ಮೋಂಬತ್ತಿ ಹಚ್ಚಿ ಕದ್ದು ಕದ್ದು ನೋಡತಿದ್ರು. ನೋಡಿದಷ್ಟೂ ಚಿತ್ರ ಹೋಗತಿತ್ತು."

ಗಂಗತ್ತಿ ಕಟ್ಟೆಯ ಮೇಲೆ ಇದನ್ನೆಲ್ಲ ಕೇಳುತ್ತಿದ್ದರು. "ನನ್ನ ಕಣ್ಣಿನ ಹಂಗ ಆತಲ್ಲೋ ವೀರಪ್ಪ," ಎಂದರು.

"ಅದಕ್ಕs ಆಮ್ಯಾಲ ಹೈಪೋ ಬಂತ್ರಿ ಯವ್ವಾ. ಅದರಾಗ ಮುಳಗಿಸಿ ತಗದ್ರ ಚಿತ್ರ ನಿಲ್ಲತೈತಿ. ಕಣ್ಣಿಗೂ ಒಂದು ಹೈಪೋ ಕಂಡ ಹಿಡೀಬೇಕಾಗಿತ್ತು."

ಮುತ್ಯಾ ಫೋಟೋ ತೆಗೆಯುವ ರೀತಿಯನ್ನೂ ಅವರೇ ಹೇಳಿದ್ದು. ಕ್ಯಾಮರಾದ ಟೊಪ್ಪಿಗೆ ತೆಗೆದು, ಓಂ ನಮಃ ಶಿವಾಯ ಎಂದು ಮೂರು ಸಲ ಅಂದು, ಮತ್ತೆ ಟೊಪ್ಪಿಗೆ ಹಾಕುತ್ತಿದ್ದರಂತೆ. ಗಡಿಯಾರ ಗಿಡಿಯಾರ ಇಲ್ಲ. ಅಷ್ಟು ಹೊತ್ತು ಎದುರಿನವರು ಅಲುಗಬಾರದು. ದೊಡ್ಡವರು ಹೇಗೋ ಕೂರುತ್ತಾರೆ, ಕೂಸು ಕೂರುತ್ತದೆಯೇ? ಅದಕ್ಕೇ ತಾಯಿಯ ಮೇಲೆ ಕೌದಿ ಹೊಚ್ಚಿ, ಅವಳ ತೊಡೆಯ ಮೇಲೆ ಕೂಸನ್ನು ಕೂರಿಸಿ ಒಳಗಿಂದ ಗಟ್ಟಿ ಹಿಡಿಸುತ್ತಿದ್ದರಂತೆ. ಫೋಟೋದಲ್ಲಿ ಕೂಸು ಮಾತ್ರ ಕಾಣಬೇಕು.

"ಹಂಗಾದ್ರ ನಮ್ಮವ್ವನ ಮಾರಿ?" ಎಂದರು ಗಂಗತ್ತಿ.

"ಮಾರಿ ಕೌದಿ ಹೊರಗೂ ಇದ್ದೀತ್ರಿ, ಒಳಗೂ ಇದ್ದೀತು. ಗಾಜ ಸಿಕ್ಕಾಗs ಗೊತ್ತು."

ನಾನು ಬಕೀಟಿನ ನೀರು ಚೆಲ್ಲುವ ನೆವದಲ್ಲಿ ಎದ್ದು ಹೋದೆ. ಬಚ್ಚಲಿನಲ್ಲಿ ಮೂರನೆಯ ಗಾಜನ್ನು ಎತ್ತಿ ಹಿಡಿದ ಜಾಗದಲ್ಲೇ ನಿಂತೆ. ಕೂಸಿನ ಹಿಂದೆ ಏನಿತ್ತು? ನೆನಪಿಲ್ಲ. ನಾನು ನೋಡಿದ್ದು ಎಷ್ಟು ಹೊತ್ತು? ಒಂದು ಓಂ ನಮಃ ಶಿವಾಯ ಅನ್ನುವಷ್ಟೂ ಇಲ್ಲ.

ದಿನಕ್ಕೆ ಒಂದೋ ಎರಡೋ ಫೋಟೋ ಇಳಿಯುತ್ತಿದ್ದವು. ತೊರಗಲ್ ಕೋಟೆಯ ಬಾಗಿಲಿಗೆ ಸಾಲಾಗಿ ನಿಂತ ಗಂಡಸರು. ದೇಗಾಂವದ ಗುಡಿಯ ಕಲ್ಲಿನ ಗೋಡೆ. ಸವದತ್ತಿಯ ಸಂತೆಯಲ್ಲಿ ಬಳೆ ಇಡಿಸಿಕೊಳ್ಳುವ ಹೆಣ್ಣುಮಗಳು. ಕಿತ್ತೂರಿನವರೋ ಯಾರೋ, ಮಾರಿ ಆ ಕಡೆ ಈ ಕಡೆ ತಿರುಗಿಸಿ ಕುಳಿತ ಮದುಮಕ್ಕಳು. ವಿಭೂತಿ ಧರಿಸಿ ಕುರ್ಚಿಯಲ್ಲಿ ಕುಳಿತ ಒಬ್ಬ ಹಿರಿಯರ ಚಿತ್ರ ಎಲ್ಲಕ್ಕಿಂತ ಸ್ವಚ್ಛವಾಗಿ, ಗಡ್ಡದ ಎಳೆ ಎಣಿಸುವ ಹಾಗೆ ಮೂಡಿತ್ತು. "ಇವರೊಬ್ಬರು ಅಲಗಾಡಿಲ್ಲ ನೋಡ್ರಿ," ಎಂದರು ಕಾಕಾ. "ಲಿಂಗೈಕ್ಯ ಆದ ಮ್ಯಾಲ ಕುಂಡ್ರಿಸಿ ತಗದಾರ." ಬಿಸಿಲಿನಲ್ಲಿ ಚಾಕೊಲೇಟಿನ ಬಣ್ಣವಾಗಿ ಹೈಪೋದಲ್ಲಿ ಇಟ್ಟಂಗಿಯ ಕೆಂಪಿಗೆ ತಿರುಗುವ ಆ ಮಾರಿಗಳನ್ನು ನೋಡುವಾಗ ನನ್ನ ಅಪರಾಧವೂ ಮರೆಯುತ್ತಿತ್ತು. ಖುಷಿಯೂ ಆಗುತ್ತಿತ್ತು, ಅದನ್ನೂ ಹೇಳಬೇಕು. ಅಷ್ಟರಲ್ಲಿ ಕಟ್ಟೆಯಿಂದ ದನಿ ಬರುತ್ತಿತ್ತು.

"ಇವತ್ತರ ಬಂದಳೇನ ನಮ್ಮವ್ವ?"

"ಇನ್ನೂ ಇಲ್ರಿ ಅತ್ತಿ."

"ನಾಳಿಗೆ ಬರತಾಳ ಬಿಡು. ತಯಾರಾಗಾಕ ಹೊತ್ತು ಬೇಕಲ್ಲ ಹೆಣಮಕ್ಕಳಿಗೆ."

ಹತ್ತು ಉಳಿದವು. ಆಮೇಲೆ ಆರು. ಆಮೇಲೆ ಎರಡು. ಶ್ರಾವಣದ ಮೂರನೆಯ ಸೋಮವಾರ ಮಧ್ಯಾಹ್ನ ಕೊನೆಯ ಗಾಜು ಇಳಿಯಿತು. ಒಂದು ಎತ್ತಿನ ಜೋಡಿ.

ಕಾಕಾ ಪೆಟ್ಟಿಗೆಯೊಳಗೆ ಬೆರಳಾಡಿಸಿದರು. "ಏಳು ಖಾನೆ ಖಾಲಿ ಅದಾವಲ್ಲ?"

ಗಂಗತ್ತಿ ನನ್ನ ಕಡೆ ತಿರುಗಿದರು. ಆ ಒಂದು ಕಣ್ಣು ನನ್ನನ್ನು ಎಷ್ಟು ಕಂಡಿತೋ. ನಾನು ಅಂದೆ, "ಮೊದಲಿಂದ ಹಂಗ ಇದ್ದುವೇನೋ ರಿ."

ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ಕೆಟ್ಟದ್ದು.

ಅತ್ತಿ ಪಡಸಾಲೆಯ ಗೋಡೆಯ ಮೇಲಿದ್ದ ನಮ್ಮ ಮಾವನವರ ಫೋಟೋದ ಕಡೆ ಕೋಲು ಎತ್ತಿ ತೋರಿಸಿದರು. "ಇವನs ತಗದ ಒಗದಾನ. ಇವನವ್ವ ಬ್ಯಾರೆ, ನಮ್ಮವ್ವ ಬ್ಯಾರೆ. ಇವಗೇನ ಬ್ಯಾನಿ? ನನ್ನ ಬೆನ್ನ ಮ್ಯಾಲ ಹೊತ್ತು ಬೆಳಸಿದೆನೋ ಸಿದ್ರಾಮ ನಿನ್ನ! ಒಂದ ಗಾಜ ಇಡಲಿಲ್ಲಲ್ಲೋ ನನಗ!"

ನಮ್ಮ ಮಾವ ದೇವರಂಥ ಮನುಷ್ಯ. ನಾನು ಈ ಮನೆಗೆ ಬಂದ ಹೊಸದರಲ್ಲಿ ರೊಟ್ಟಿ ಸುಟ್ಟರೆ, "ಕರಕ ರೊಟ್ಟಿ ಹಲ್ಲಿಗೆ ಛಲೋ" ಎಂದು ಸುಟ್ಟದ್ದನ್ನೇ ಹುಡುಕಿ ತಿನ್ನುತ್ತಿದ್ದವರು. ಅವರು ಆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಅಷ್ಟು ವರ್ಷ ಜೋಪಾನ ಮಾಡಿದ್ದರಿಂದಲೇ ಅದು ಉಳಿದಿತ್ತು. ತೀರಿಕೊಂಡ ಮೇಲೆ ನನ್ನ ತಪ್ಪನ್ನು ಹೊತ್ತುಕೊಂಡು ಗೋಡೆಯ ಮೇಲೆ ಸುಮ್ಮನೆ ನಗುತ್ತಿದ್ದರು. ನಾನೂ ಸುಮ್ಮನಿದ್ದೆ.

ದೀಪ ಹಚ್ಚುವ ಹೊತ್ತಾಯಿತು. ಸೋಮವಾರದ ಮಂಗಳಾರತಿ. ಅತ್ತಿ ದೇವರ ಖೋಲಿಯ ಹೊಸ್ತಿಲಲ್ಲಿ ಕುಳಿತಿದ್ದರು, ಮಾವನವರ ಫೋಟೋಕ್ಕೆ ಎಂದಿನಂತೆ ಕೈ ಮುಗಿದಿರಲಿಲ್ಲ. ನಾನು ಆರತಿ ಎತ್ತಿದೆ. ಏಳೂ ಗಾಜಿನಲ್ಲಿ ಏಳು ಆರತಿ ಹೊಳೆದವು. ದಿನಾ ಆ ಹೊಳಪು ನೋಡಿ ಸಮಾಧಾನ ಪಡುತ್ತಿದ್ದವಳಿಗೆ ಅಂದು ಅದನ್ನು ನೋಡಲಾಗಲಿಲ್ಲ. ತಾಟನ್ನು ಕೆಳಗಿಟ್ಟೆ.

"ಅತ್ತಿ, ಮಾವ ಏನೂ ಮಾಡಿಲ್ರಿ. ಗಾಜು ಇಲ್ಲೇ ಅದಾವು. ದೇವರ ಮುಂದ."

"ಏನಂದಿ?"

ಎಲ್ಲಾ ಹೇಳಿದೆ. ಸೋಡಾ, ತೆಂಗಿನ ನಾರು, ಬಚ್ಚಲು. ಎತ್ತಿ ಹಿಡಿದದ್ದು, ಕೂಸನ್ನು ಕಂಡದ್ದು, ಕಂಡ ಮೇಲೂ ತಿಕ್ಕಿದ್ದು. ನಮ್ಮವರು ಬಾಗಿಲಲ್ಲಿ ನಿಂತವರು ಕೂಸಿನ ಮಾತು ಬಂದಾಗ ತಲೆ ತಗ್ಗಿಸಿದರು. ಗಂಗತ್ತಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಎದ್ದು, ಗೋಡೆ ಹಿಡಿದುಕೊಂಡು ಪಡಸಾಲೆಗೆ ಹೋಗಿ ತಮ್ಮನ ಫೋಟೋದ ಮುಂದೆ ನಿಂತು, "ಸಿದ್ರಾಮ, ತಪ್ಪಾತಪ್ಪಾ," ಎಂದರು. ನಾನು ಹೇಳಬೇಕಾದ ಮಾತನ್ನು ಅವರು ಹೇಳಿದರು.

ಮರುದಿನ ಬೆಳಿಗ್ಗೆ, ಊರಿಗೆ ಹೋಗಲು ಚೀಲ ಕಟ್ಟಿದ್ದ ವೀರಪ್ಪ ಕಾಕಾ ಸುದ್ದಿ ಕೇಳಿ ಹಣೆ ಬಡಿದುಕೊಂಡರು. ಆಮೇಲೆ ಕೇಳಿದರು, "ಅಂಚಿಗೂ ತಿಕ್ಕಿಯೇನವ್ವಾ?"

ನನಗೆ ಥಟ್ಟನೆ ನೆನಪಾಯಿತು. ಕೆಲವು ಗಾಜಿನ ಒಂದು ಕಡೆಯ ಅಂಚಿನ ಪರೆ ಗಟ್ಟಿಯಾಗಿತ್ತು. ಹೇಗೂ ಚೌಕಟ್ಟಿನ ಪಟ್ಟಿಯ ಹಿಂದೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ಕೆಲಸಗಳ್ಳತನ. ನಮ್ಮವರು ಒಂದೊಂದೇ ಮೊಳೆ ಕಿತ್ತು ಗಾಜುಗಳನ್ನು ಇಳಿಸಿದರು. ಆರರಲ್ಲಿ ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ಪಾರ್ವತಿ ಪರಮೇಶ್ವರರ ಗಾಜಿನ ಕೆಳಗೆ ಮಾತ್ರ ಒಂದು ಬೆರಳಗಲದ ಮಸಿ ಪಟ್ಟಿ ಉಳಿದಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗಂಜಿ ಕಾಯಸ್ರಿ," ಎಂದರು.

ಅಂದು ಬಿಸಿಲು ಬಂತು. ನನ್ನಂಥವಳ ಸಲುವಾಗಿ ಅಲ್ಲ, ಅತ್ತಿಯ ಸಲುವಾಗಿ ಬಂತು ಎಂದುಕೊಂಡೆ. ಅಚ್ಚು ಹಾಕಿ, ಹೈಪೋದಲ್ಲಿ ಮುಳುಗಿಸಿ, ಮಳೆ ನೀರಿನಲ್ಲಿ ತೊಳೆದು ಎತ್ತಿದರೆ, ಕಾಗದ ತುಂಬಾ ಬರೀ ಕಪ್ಪು, ಕೆಳಗೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಕಾಲ್ಗಡಗ ಹಾಕಿದ ಕೂಸಿನ ಎರಡು ಪಾದ, ಒಂದು ಅಲುಗಿ ಮಸುಕಾಗಿತ್ತು. ಅದರ ಕೆಳಗೆ ಕೌದಿಯ ಅಂಚು, ಹೊಲಿಗೆಯ ಸಾಲು ಕೂಡ ಕಾಣುವಂತೆ. ಕೌದಿಯ ಕೆಳಗಿಂದ ಹೊರಗೆ ಬಂದ ಒಂದು ಹೆಂಗಸಿನ ಕಾಲು. ಕಾಲುಂಗುರ. ಹೆಬ್ಬೆರಳಿಗಿಂತ ಉದ್ದದ ಎರಡನೆಯ ಬೆರಳು.

ಗಂಗತ್ತಿ ಕಾಗದವನ್ನು ಉಳಿದ ಕಣ್ಣಿಗೆ ತಾಗಿಸುವಷ್ಟು ಹತ್ತಿರ ಹಿಡಿದರು. ಉಸಿರು ಬಿಡುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಸೀರೆಯ ನೆರಿಗೆ ಸರಿಸಿ ತಮ್ಮ ಕಾಲನ್ನು ಮುಂದೆ ಚಾಚಿದರು. ಅದೇ ಬೆರಳು. ಹೆಬ್ಬೆರಳಿಗಿಂತ ಉದ್ದ.

"ನನ್ನ ಗಂಡ ನಗತಿದ್ದ ಈ ಬೆರಳಿಗೆ," ಎಂದರು. ಅಷ್ಟೇ.

ನಾನು ಅವರ ಕಾಲಿನ ಹತ್ತಿರ ಕುಳಿತುಬಿಟ್ಟೆ. "ಅತ್ತಿ, ಮಾರಿನೂ ಇತ್ತೇನೋ ರಿ. ನಾನs ಅಳಿಸಿದೆ."

"ಇತ್ತೋ, ಕೌದಿ ಹೊತ್ತಿದ್ಲೋ, ನನಗೇನ ಗೊತ್ತು? ನಾ ಎಂದೂ ನೋಡಿಲ್ಲ. ಅಪ್ಪ ಹೋದ. ಉಳದಾಕಿ ನೀ ಒಬ್ಬಾಕಿ." ನನ್ನ ಗದ್ದ ಹಿಡಿದು ಎತ್ತಿದರು. "ಕಡೀಕ ನೋಡಿದಾಕಿ ನೀನs. ಹೇಳು ತಂಗಿ, ಹೆಂಗಿದ್ಲು ನಮ್ಮವ್ವ?"

ಏನು ಹೇಳಲಿ? ನಿಮ್ಮಂಗ ಇದ್ರು, ದೊಡ್ಡ ಕಣ್ಣು, ನಗುಮಾರಿ ಎಂದರೆ ಮುಗಿಯಿತು. ನಾಲಿಗೆಯ ತುದಿಗೆ ಬಂದಿತ್ತು. ಆ ಮುದಿ ಜೀವ ಅದನ್ನೇ ಎದೆಗೆ ಒತ್ತಿಕೊಂಡು ಊರಿಗೆ ಹೋಗುತ್ತಿತ್ತು. ಆದರೆ ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗ ಉಳಿದಿರಲಿಲ್ಲ.

"ನಾ ಸರಿಯಾಗಿ ನೋಡಲಿಲ್ರಿ ಅತ್ತಿ. ಅಂಜಿ ಮಾರಿ ತಿರುವಿದೆ."

ಅವರು ಗದ್ದ ಬಿಟ್ಟರು. "ನೆನಪಾದ್ರ ಹೇಳು. ಇಲ್ಲದ್ದು ಹೇಳಬ್ಯಾಡ," ಎಂದರು. ಆ ಕಾಗದವನ್ನು ವಿಭೂತಿ ಚೀಲದ ಜೊತೆ ಕಟ್ಟಿಕೊಂಡು ಶ್ರಾವಣ ಮುಗಿಸಿ ಸುರೇಬಾನಕ್ಕೆ ಹೋದರು. ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗ ಆ ಕಣ್ಣೂ ಹೋಯಿತು.

ಏಳೂ ಗಾಜನ್ನು ನಾನು ಪೆಟ್ಟಿಗೆಯ ಖಾನೆಗೆ ವಾಪಸು ಇಟ್ಟೆ. ದೇವರ ಫೋಟೋಗಳಿಗೆ ಬೈಲಹೊಂಗಲದ ಪೇಟೆಯಿಂದ ಬೇರೆ ಗಾಜು ಬಂತು. ಈ ನಾಲ್ಕು ವರ್ಷ ಸೋಮವಾರಕ್ಕೊಮ್ಮೆ ಗಂಗತ್ತಿಯ ಫೋನು ಬರುತ್ತದೆ. ಬೆಳೆ, ಮಳೆ, ಮಕ್ಕಳ ಮಾತೆಲ್ಲ ಮುಗಿದ ಮೇಲೆ, ಹೊಸ ಮಾತು ಕೇಳುವವರಂತೆ ಕೇಳುತ್ತಾರೆ. "ಏನರ ನೆನಪಾತೇನ?" ಇಲ್ರಿ ಅತ್ತಿ ಎನ್ನುತ್ತೇನೆ. "ಆತು ಬಿಡು," ಎನ್ನುತ್ತಾರೆ. ಶಿಕ್ಷೆ ಎಂದರೆ ಶಿಕ್ಷೆ. ಅವರು ನನ್ನ ಕೂಡ ಮಾತು ಬಿಟ್ಟಿಲ್ಲವಲ್ಲ ಎಂದು ಎಣಿಸಿದರೆ ಅದೂ ಒಂದು ಬೆರಳು.

ಮೊನ್ನೆ ಗಂಜಿಯ ಮುಂದೆ ಕೈ ನಿಂತಾಗ ನನ್ನ ಕೈಯಲ್ಲಿ ಪಾತ್ರೆಯ ಗಾಜಿನ ಮುಚ್ಚಳ ಇತ್ತು. ಉಗಿ ಕಟ್ಟಿ ಪೂರಾ ಮಬ್ಬಾಗಿತ್ತು. ಯಾಕೋ ಅದನ್ನು ಹಿತ್ತಲ ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ. ಆ ದಿನ ಹಿಡಿದ ಹಾಗೆಯೇ, ಅಷ್ಟೇ ಎತ್ತರಕ್ಕೆ. ಮಬ್ಬಿನ ನಡುವೆ ಒಂದು ಹನಿ ಜಾರಿ, ಅಲ್ಲೊಂದೇ ಕಡೆ ಬಟಾಣಿಯಷ್ಟು ಗಾಜು ತಿಳಿಯಾಗಿ ಬೆಳಕು ಚುಚ್ಚಿತು.

ಆ ಚುಚ್ಚನ್ನು ನಾನು ಮೊದಲು ಕಂಡಿದ್ದೆ. ಕಪ್ಪು ಕೂಸಿನ ಗಲ್ಲದ ಮೇಲೆ, ಪರೆ ಉದುರಿ ತೂತು ಬಿದ್ದಂತೆ ಒಂದು ಬೆಳಕಿನ ಚುಕ್ಕಿ. ಗುಂಡಗೆ. ಆಗ ತೂತು ಎಂದೇ ತಿಳಿದಿದ್ದೆ. ಆದರೆ ಆ ಶ್ರಾವಣ ಪೂರ್ತಿ ಕಾಕಾನ ಕೈ ಕೆಳಗೆ ದುಡಿದವಳು ನಾನು. ಗಾಜಿನಲ್ಲಿ ಕಪ್ಪಾದದ್ದು ಕಾಗದದಲ್ಲಿ ಬಿಳಿ, ಗಾಜಿನಲ್ಲಿ ಬೆಳಕಾದದ್ದು ಕಾಗದದಲ್ಲಿ ಕಪ್ಪು. ಕೂಸಿನ ಗಲ್ಲದ ಮೇಲೆ ದುಂಡಗೆ ಕಪ್ಪಗೆ ಇರುವುದು ಏನು?

ಒಲೆ ಆರಿಸಿ ಸುರೇಬಾನಕ್ಕೆ ಫೋನು ಹಚ್ಚಿದೆ. ಅಂದು ಸೋಮವಾರವೂ ಅಲ್ಲ.

"ಅತ್ತಿ, ನಾನ್ರಿ ಮಾದೇವಿ. ನೆನಪಾತ್ರಿ. ನಿಮ್ಮವ್ವನ ಮಾರಿ ಅಲ್ಲ, ಅದಂತೂ ಇಲ್ಲ. ಕೂಸಿಗೆ, ನಿಮಗ, ಗಲ್ಲಕ್ಕ ದೃಷ್ಟಿಬೊಟ್ಟು ಇಟ್ಟಿದ್ರು. ಕಾಡಿಗಿದು. ಕ್ಯಾಮರಾದ ದೃಷ್ಟಿ ತಾಗಬಾರದು ಅಂತ ಇರಬೇಕು. ಬೊಟ್ಟ ಇಷ್ಟ ದೊಡ್ಡದು, ನಿಮ್ಮವ್ವ ಬೆರಳ ಅದ್ದಿ ಒತ್ತಿದಂಗ."

"ಯಾವ ಗಲ್ಲಕ್ಕ?" ಎಂದರು ಗಂಗತ್ತಿ.

ಕಣ್ಣು ಮುಚ್ಚಿಕೊಂಡೆ. ತಿಕ್ಕುವ ಮಗ್ಗಲು ನನ್ನ ಕಡೆ ಇತ್ತು, ಪರೆ ನನ್ನ ಕಡೆ. ಆ ಮಗ್ಗಲಿನಿಂದ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ಎಂದು ಕಾಕಾ ಹೇಳಿದ್ದರು. ಚುಕ್ಕಿ ನನ್ನ ಬಲಗೈ ಕಡೆ ಇತ್ತು.

"ಬಲಗಲ್ಲಕ್ಕರಿ."

"ಖರೆನ?"

"ಖರೆರಿ ಅತ್ತಿ. ಇಲ್ಲದ್ದು ಹೇಳಾಕತ್ತಿಲ್ಲ."

ಬಳೆಗಳ ಸಪ್ಪಳ ಕೇಳಿತು. ಕೈ ಮೇಲೆದ್ದ ಸಪ್ಪಳ, ಆಮೇಲೆ ಎಲ್ಲೋ, ಗಲ್ಲಕ್ಕೇ ಇರಬೇಕು, ತಾಗಿ ನಿಂತ ಸಪ್ಪಳ. ಬಹಳ ಹೊತ್ತು ಆ ಕೈ ಕೆಳಗೆ ಇಳಿಯಲಿಲ್ಲ. ನಾನೂ ಫೋನು ಇಡಲಿಲ್ಲ. ಒಲೆಯ ಮೇಲೆ ಗಂಜಿ ಗಡ್ಡೆ ಕಟ್ಟುತ್ತಿತ್ತು.